ಪಕ್ಕದ ಸೈಕಲ್ಲಿನ ಬೀಗ

ನಾನಿರುವ ವಸತಿ ಸಮುಚ್ಚಯದ ನೆಲಮಾಳಿಗೆಯಿಂದ ಒಂದೇ ತಿಂಗಳಲ್ಲಿ ಎರಡು ಸೈಕಲ್‌ಗಳು ಕಳುವಾದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಗಟ್ಟಿಯಾದ ಯು ಆಕಾರದ ಬೀಗವೊಂದನ್ನು ತಂದು ನನ್ನ ಸೈಕಲ್ಲಿಗೆ ಹಾಕಿದ್ದು. ಕೆಲವೇ ದಿನಗಳಲ್ಲಿ ಮೂರನೆಯ ಸೈಕಲ್ಲೂ ಹೋಯಿತು. ಅದು ನನ್ನದಲ್ಲ. ನನ್ನದರ ಮಗ್ಗುಲಲ್ಲೇ ತೆಳುವಾದ ಕೇಬಲ್ ಬೀಗವೊಂದನ್ನು ನೆಚ್ಚಿಕೊಂಡು ನಿಂತಿದ್ದ, ಮೇಲಿನ ಮಹಡಿಯ ಹುಡುಗಿಯೊಬ್ಬಳು ದಿನವೂ ಶಾಲೆಗೆ ಒಯ್ಯುತ್ತಿದ್ದ ಸೈಕಲ್ ಅದು. ನೆಲದ ಮೇಲೆ ಬಿದ್ದಿದ್ದ ಕೇಬಲ್ಲಿನ ತುಂಡನ್ನು ಕೈಗೆತ್ತಿಕೊಂಡಾಗ ನನಗಾದದ್ದು ಸಮಾಧಾನವೋ ನಾಚಿಕೆಯೋ ಇಂದಿಗೂ ತಿಳಿಯದು. ನನ್ನ ಬೀಗ ಕಳ್ಳತನವನ್ನು ತಡೆದಿರಲಿಲ್ಲ. ಯಾರ ಸೈಕಲ್ ಹೋಗಬೇಕೆಂಬುದನ್ನಷ್ಟೇ ತೀರ್ಮಾನಿಸಿತ್ತು.

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ಈ ಅನುಮಾನಕ್ಕೆ ಬಲ ಬಂತು. ತಮ್ಮ ಆವರಣದಲ್ಲಿ ಸೈಕಲ್ ನಿಲ್ಲಿಸುವ ಮೂರು ಕಡೆ ಅವರು, ನೆಟ್ಟನೋಟದಿಂದ ದಿಟ್ಟಿಸುವ ಕಣ್ಣುಗಳ ಚಿತ್ರದ ಕೆಳಗೆ ಸೈಕಲ್ ಕಳ್ಳರನ್ನು ಗಮನಿಸುತ್ತಿದ್ದೇವೆ ಎಂಬರ್ಥದ ಬರಹವಿದ್ದ ಫಲಕಗಳನ್ನು ಹಾಕಿದರು. ಫಲಕವಿದ್ದ ಕಡೆ ಕಳ್ಳತನ ಶೇಕಡಾ 62ರಷ್ಟು ಇಳಿಯಿತು; ಫಲಕವಿಲ್ಲದ ಕಡೆ ಶೇಕಡಾ 65ರಷ್ಟು ಏರಿತು. ಇದನ್ನು ಉಲ್ಲೇಖಿಸುವವರಲ್ಲಿ ಹೆಚ್ಚಿನವರು ಮೊದಲ ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತಾರೆ. ಆದರೆ ಒಟ್ಟಿಗೆ ಬಾಳುವ ಜನರಿಗೆ ಮುಖ್ಯವಾಗಬೇಕಾದದ್ದು ಎರಡನೆಯದು. ಕಳ್ಳ ಮನಸ್ಸು ಬದಲಿಸಿಕೊಂಡು ಮನೆಗೆ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತಾನೆ. ಹಾಗಾಗಿ ಒಂದು ಕಟ್ಟಡದ ಸೈಕಲ್‌ಗಳನ್ನು ಕಾಯುವುದೆಂದರೆ, ಅಲ್ಲಿರುವ ಅತ್ಯಂತ ಗಟ್ಟಿ ಬೀಗದ ಬಗ್ಗೆಯಲ್ಲ, ಅತ್ಯಂತ ದುರ್ಬಲವಾಗಿ ನಿಂತಿರುವ ಸೈಕಲ್ಲಿನ ಬಗ್ಗೆ ಯೋಚಿಸುವುದು ಎಂದು ನನಗನ್ನಿಸಿತು.

ಅದನ್ನು ಹುಡುಕಲು ಒಂದು ಸಂಜೆ ಸ್ಟ್ಯಾಂಡಿನಲ್ಲಿ ನಿಂತು ಪ್ರತಿಯೊಂದು ಸೈಕಲ್ಲನ್ನೂ ನೋಡುತ್ತಾ ಹೋದೆ. ಬೀಗವನ್ನು ಕೊಳ್ಳುವಾಗ ನಾವು ಅದರ ದಪ್ಪವನ್ನು ನೋಡುತ್ತೇವೆಯೇ ಹೊರತು, ಹಾಕುವಾಗ ಅದು ಯಾವುದನ್ನು ಯಾವುದಕ್ಕೆ ಕಟ್ಟುತ್ತಿದೆ ಎಂಬುದನ್ನು ನೋಡುವುದಿಲ್ಲ. ಬಹಳಷ್ಟು ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ತೂರುವ ಉಂಗುರದಂಥ ಬೀಗ ಮಾತ್ರವಿತ್ತು. ಅದು ಸೈಕಲ್ ತುಳಿಯುವುದನ್ನು ತಡೆಯುತ್ತದೆ, ಹೆಗಲ ಮೇಲೆ ಹೊತ್ತೊಯ್ಯುವುದನ್ನಲ್ಲ. ಇನ್ನು ಕೆಲವರು ಮುಂದಿನ ಚಕ್ರವನ್ನಷ್ಟೇ ಕಂಬಿಗೆ ಕಟ್ಟಿದ್ದರು. ಆಕ್ಸಲ್ಲಿಗೆ ನಟ್ಟಿನ ಬದಲು ಕೈಯಿಂದಲೇ ಸಡಿಲಿಸುವ ಸನ್ನೆಯಿರುವ ಸೈಕಲ್ಲಾದರೆ ಚಕ್ರವನ್ನು ಕಂಬಿಗೇ ಬಿಟ್ಟು ಉಳಿದದ್ದನ್ನು ಒಯ್ಯಲು ಅರ್ಧ ನಿಮಿಷವೂ ಬೇಡ. ಕೇಬಲ್ಲನ್ನು ಸೀಟಿನ ಕೆಳಗಿನ ಕೊಳವೆಗೆ ಸುತ್ತಿ ನಿಶ್ಚಿಂತರಾದವರೂ ಇದ್ದರು. ಸೀಟನ್ನು ಮೇಲಕ್ಕೆಳೆದರೆ ಕೇಬಲ್ಲು ತಾನಾಗಿ ಕಳಚಿಕೊಳ್ಳುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008) ತಿಳಿಸಿಕೊಟ್ಟ ವಿಧಾನವನ್ನು ಇಲ್ಲಿ ಹೇಳಲೇಬೇಕು. ಹಿಂದಿನ ಚಕ್ರದ ಅಕ್ಕಪಕ್ಕದಲ್ಲಿ ಸೀಟಿನ ಕೊಳವೆ ಮತ್ತು ಇನ್ನೆರಡು ಜೊತೆ ಕೊಳವೆಗಳು ಸೇರಿ ಒಂದು ತ್ರಿಕೋನವಾಗುತ್ತದೆ. ಆ ತ್ರಿಕೋನದೊಳಕ್ಕೆ ಬರುವ ರಿಮ್ ಮತ್ತು ಟಯರಿನ ಭಾಗಕ್ಕೆ ಚಿಕ್ಕ ಯು ಬೀಗವನ್ನು ಹಾಕಿ ಕಂಬಿಗೆ ಸೇರಿಸಿದರೆ, ಬೀಗ ಫ್ರೇಮನ್ನು ನೇರವಾಗಿ ಸುತ್ತಿರದಿದ್ದರೂ ಫ್ರೇಮ್ ಬಂಧಿಯಾಗುತ್ತದೆ, ಏಕೆಂದರೆ ಇಡೀ ಚಕ್ರ ಆ ತ್ರಿಕೋನದ ಮೂಲಕ ಹೊರಬರಲಾರದು. ಬೀಗ ಚಿಕ್ಕದಾದಷ್ಟೂ ಅದರೊಳಗೆ ಸನ್ನೆಗೋಲು ತೂರಿಸಿ ಮೀಟಲು ಜಾಗ ಸಿಗುವುದಿಲ್ಲ. ನೆಲಕ್ಕೆ ತಾಗದಂತೆ ಎತ್ತರದಲ್ಲಿದ್ದರೆ ನೆಲವನ್ನು ಆಧಾರ ಮಾಡಿಕೊಂಡು ಕತ್ತರಿಸುವುದೂ ಕಷ್ಟ. ಮುಂದಿನ ಚಕ್ರಕ್ಕೆ ಬೇಕಾದರೆ ಇನ್ನೊಂದು ಕೇಬಲ್ ಸಾಕು. ಬ್ಯಾಟರಿಯಿಂದ ಓಡುವ ಗ್ರೈಂಡರ್ ತಂದವನ ಮುಂದೆ ಸಾಮಾನ್ಯ ಬೀಗ ಯಾವುದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎನ್ನುವುದು ನಿಜವೇ. ಆದರೆ ಗ್ರೈಂಡರ್ ಕಿಡಿ ಹಾರಿಸುತ್ತದೆ, ಕಿರುಚುತ್ತದೆ. ಆ ಸದ್ದಿಗೆ ತಲೆ ಎತ್ತಿ ನೋಡುವವರು ಇದ್ದಾರೆಯೇ ಎಂಬುದು ಬೀಗದ ಪ್ರಶ್ನೆಯಲ್ಲ, ನೆರೆಹೊರೆಯ ಪ್ರಶ್ನೆ.

ದಪ್ಪವೊಂದೇ ಭರವಸೆಯಲ್ಲ ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಉರುಟಾದ ಕೊಳವೆಯಂಥ ಕೀಲಿಕೈ ಬಳಸುವ ಕೆಲವು ಭಾರಿ ಯು ಬೀಗಗಳನ್ನು ಸಾಧಾರಣ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದೆಂಬುದು 2004ರಲ್ಲಿ ಬಯಲಾಗಿ, ತಯಾರಕರು ಬೀಗಗಳನ್ನು ಬದಲಿಸಿಕೊಡಬೇಕಾಯಿತು.

ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು, "ಅಲ್ಲ ಸ್ವಾಮಿ, ಕ್ಯಾಮೆರಾ ಇದೆಯಲ್ಲ, ಇನ್ನೇನು ಬೇಕು?" ಎಂದರು. ಕ್ಯಾಮೆರಾ ಇತ್ತು. ಟೋಪಿ ಧರಿಸಿದ ಒಬ್ಬ ವ್ಯಕ್ತಿ ಬಂದು, ಬಗ್ಗಿ, ಎದ್ದು, ಸೈಕಲ್ ತಳ್ಳಿಕೊಂಡು ನಿಧಾನವಾಗಿ ಹೊರಟುಹೋದದ್ದನ್ನು ಅದು ಬಹಳ ಚೆನ್ನಾಗಿ ತೋರಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಮೊದಲಿನ ಹಂತ ಅದು: ಸೂರೆ ಹೇಗೆ ಹೋಯಿತೆಂದು ಕುಳಿತು ನೋಡುವುದು. ಮುಖ್ಯ ಬಾಗಿಲಿನ ಕಾವಲುಗಾರರೂ ಆ ವ್ಯಕ್ತಿಯನ್ನು ನೋಡಿದ್ದರು, ತಡೆದಿರಲಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ಸೈಕಲ್ ತಳ್ಳಿಕೊಂಡು ಹೋಗುವವನು ಯಾರ ಕಣ್ಣಿಗೂ ಕಳ್ಳನಂತೆ ಕಾಣುವುದಿಲ್ಲ. ಯಾವ ಸೈಕಲ್ ಯಾರದೆಂದು ತಿಳಿಯುವ ದಾರಿಯನ್ನೇ ನಾವು ಅವರಿಗೆ ಕೊಟ್ಟಿರಲಿಲ್ಲ.

ಹೀಗೆ ಆರಂಭವಾದದ್ದು ಒಂದು ದಪ್ಪ ನೋಟ್‌ಬುಕ್. ಸೈಕಲ್ಲನ್ನು ತಲೆಕೆಳಗಾಗಿಸಿದರೆ ಪೆಡಲ್‌ಗಳ ಅಚ್ಚು ಹಾದುಹೋಗುವ ಗುಂಡನೆಯ ಭಾಗದ ಅಡಿಯಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಕೆಲವು ಸೈಕಲ್‌ಗಳಲ್ಲಿ ಅದು ಹ್ಯಾಂಡಲ್ಲಿನ ಕೆಳಗಿನ ಕೊಳವೆಯ ಮೇಲೋ ಸೀಟಿನ ಕೊಳವೆಯ ಮೇಲೋ ಇರುತ್ತದೆ. ವರ್ಷಗಟ್ಟಲೆ ಸೈಕಲ್ ತುಳಿದವರಲ್ಲೂ ಇದನ್ನು ಒಮ್ಮೆಯೂ ನೋಡದವರೇ ಹೆಚ್ಚು. ಪೊಲೀಸರಿಗೆ ದೂರು ಕೊಡುವಾಗ ನೀಲಿ ಬಣ್ಣದ ಸೈಕಲ್ ಎಂದರೆ ಅದು ಊರಿನ ನೂರಾರು ಸೈಕಲ್‌ಗಳ ವರ್ಣನೆಯಾಗುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ, ಸಿಕ್ಕ ಸೈಕಲ್ಲನ್ನೂ ನಮ್ಮದೆಂದು ಸಾಧಿಸುವುದು ಕಷ್ಟ. ಒಂದು ರವಿವಾರ ಎಲ್ಲರೂ ಕೆಳಗಿಳಿದು ಬಂದು ಸಂಖ್ಯೆ, ಬಣ್ಣ, ಗೀರುಗಳ ಗುರುತು, ಒಡೆಯರ ಮನೆ ಸಂಖ್ಯೆ ಇವನ್ನು ಬರೆಸಿದರು, ಒಂದೊಂದು ಫೋಟೊ ತೆಗೆದೆವು, ಪ್ರತಿ ಸೈಕಲ್ಲಿಗೂ ಕ್ರಮಸಂಖ್ಯೆಯ ಚೀಟಿ ಅಂಟಿಸಿದೆವು. ಸೀಟಿನ ಕೊಳವೆಯೊಳಗೆ ತಮ್ಮ ಹೆಸರಿನ ಚೀಟಿಯನ್ನು ಸುರುಳಿ ಸುತ್ತಿ ಇಟ್ಟವರೂ ಉಂಟು. ಜಾಡು ತೋರಿಸುವ ಪುಟ್ಟ ಸಾಧನಗಳನ್ನು ಬಚ್ಚಿಡುವವರಿಗೆ ನನ್ನದೊಂದೇ ಮಾತು: ಅದು ತೋರಿಸಿದ ಜಾಗಕ್ಕೆ ಒಬ್ಬರೇ ಹೋಗಬೇಡಿ, ಪೊಲೀಸರೊಂದಿಗೆ ಹೋಗಿ.

ಕಾವಲುಗಾರರು ಹೊರಹೋಗುವ ಸೈಕಲ್ಲಿನ ಕ್ರಮಸಂಖ್ಯೆಯನ್ನು ಕೇಳಬೇಕೆಂಬ ನಿಯಮಕ್ಕೆ ನಾನು ಒಂದು ಷರತ್ತಿನ ಮೇಲೆ ಮಾತ್ರ ಒಪ್ಪಿದೆ. ಕೇಳುವುದಾದರೆ ಎಲ್ಲರನ್ನೂ ಕೇಳಬೇಕು, ಸಂಘದ ಅಧ್ಯಕ್ಷರನ್ನೂ ಸೇರಿಸಿ. ಇಲ್ಲವಾದರೆ ಆ ಪ್ರಶ್ನೆ ಮನೆಗೆಲಸಕ್ಕೆ ಬರುವವರಿಗೂ ಸಾಮಾನು ತಲುಪಿಸುವ ಹುಡುಗರಿಗೂ ಮಾತ್ರ ಎದುರಾಗುತ್ತದೆ, ಒಳ್ಳೆಯ ಅಂಗಿ ತೊಟ್ಟ ಕಳ್ಳ ನಮಸ್ಕಾರ ಹಾಕಿಸಿಕೊಂಡು ಹೊರಗೆ ಹೋಗುತ್ತಾನೆ.

ನೋಂದಣಿಯಿಂದ ನಾವು ನಿರೀಕ್ಷಿಸದ ಒಂದು ಸಂಗತಿ ಹೊರಬಂತು. ಮೂಲೆಯಲ್ಲಿ ಧೂಳು ಹಿಡಿದು, ಗಾಳಿಯಿಲ್ಲದೆ ಒರಗಿದ್ದ ಹಲವು ಸೈಕಲ್‌ಗಳಿಗೆ ಒಡೆಯರೇ ಇರಲಿಲ್ಲ. ಮನೆ ಖಾಲಿ ಮಾಡಿದವರು ಬಿಟ್ಟುಹೋದವು. ಇವುಗಳಿಂದ ಹಾನಿಯೇನೆಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಸತ್ತ ಸೈಕಲ್‌ಗಳ ರಾಶಿ, ಇಲ್ಲಿ ಯಾರೂ ಏನನ್ನೂ ಗಮನಿಸುವುದಿಲ್ಲ ಎಂದು ಬಂದವರಿಗೆಲ್ಲ ಸಾರುತ್ತಿರುತ್ತದೆ, ಒಳ್ಳೆಯ ಕಂಬಿಗಳನ್ನು ಆಕ್ರಮಿಸಿ, ದಿನವೂ ಬಳಸುವವರು ತಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸುವಂತೆ ಮಾಡುತ್ತದೆ. ದಿನಾಂಕ ಬರೆದ ಚೀಟಿ ಕಟ್ಟಿ, ಎರಡು ತಿಂಗಳು ಕಾದು, ಆಮೇಲೆ ಅವನ್ನು ತೆರವು ಮಾಡಿದೆವು.

ಸ್ಟ್ಯಾಂಡನ್ನೂ ಬದಲಿಸಿದೆವು. ಮುಂದಿನ ಚಕ್ರವನ್ನಷ್ಟೇ ಹಿಡಿಯುವ ಹಳೆಯ ಚೌಕಟ್ಟಿಗೆ ಫ್ರೇಮನ್ನು ಕಟ್ಟಲು ಸಾಧ್ಯವೇ ಇರಲಿಲ್ಲ, ಸೈಕಲ್ ವಾಲಿದರೆ ರಿಮ್ ಸೊಟ್ಟಗಾಗುತ್ತಿತ್ತು. ಅದರ ಜಾಗದಲ್ಲಿ ಈಗ ತಲೆಕೆಳಗಾದ ಯು ಆಕಾರದ ಉಕ್ಕಿನ ಕೊಳವೆಗಳಿವೆ, ಸುಮಾರು 75 ಸೆಂಟಿಮೀಟರ್ ಎತ್ತರ, ಒಂದರಿಂದ ಒಂದಕ್ಕೆ 1 ಮೀಟರ್ ಅಂತರ, ಬುಡ ಕಾಂಕ್ರೀಟಿನೊಳಗೆ. ಒಂದೊಂದಕ್ಕೆ ಎರಡು ಬದಿಯಲ್ಲಿ ಎರಡು ಸೈಕಲ್ ನಿಲ್ಲುತ್ತವೆ. ಬೋಲ್ಟ್ ಹಾಕಿ ಕೂರಿಸೋಣವೆಂದು ಕೆಲಸದವರು ಹೇಳಿದ್ದರು. ಸ್ಪ್ಯಾನರ್ ಇದ್ದವನು ಸ್ಟ್ಯಾಂಡಿನ ಸಮೇತ ಎತ್ತಿಕೊಂಡು ಹೋಗಬಹುದೆಂದು ವಿವರಿಸಿದಾಗ ನಕ್ಕು ಒಪ್ಪಿದರು.

ಆ ಹುಡುಗಿಗೆ ಮನೆಯವರು ಹಳೆಯ ಸೈಕಲ್ಲೊಂದನ್ನು ಕೊಡಿಸಲು ಹೊರಟಾಗ ನನ್ನನ್ನೂ ಕರೆದರು. ಮೊದಲು ತೋರಿಸಿದ ಸೈಕಲ್ ಹೊಸದರಂತೆಯೇ ಇತ್ತು, ಬೆಲೆಯೂ ಅನುಮಾನ ಬರುವಷ್ಟು ಕಡಿಮೆ. ತಲೆಕೆಳಗಾಗಿಸಿ ನೋಡಿದರೆ ಸಂಖ್ಯೆ ಇರಬೇಕಾದಲ್ಲಿ ಅರದಿಂದ ಉಜ್ಜಿದ ಹೊಳಪು ಮಾತ್ರವಿತ್ತು. ಮಾರುವವರು ಏನೋ ನೆವ ಹೇಳಿದರು; ನಾವು ಮರುಮಾತಾಡದೆ ಹಿಂದಿರುಗಿದೆವು. ಮುಂದಿನ ವಾರ ಬೇರೆ ಕಡೆ ಸಿಕ್ಕಿದ್ದಕ್ಕೆ ಬಣ್ಣ ಮಾಸಿತ್ತು, ಗಂಟೆ ಬಾರಿಸುತ್ತಿರಲಿಲ್ಲ, ಆದರೆ ಸಂಖ್ಯೆ ಸ್ಪಷ್ಟವಾಗಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಆ ಹುಡುಗಿಯೇ ತನ್ನ ಕೈಯಾರೆ ಬರೆದಳು, ಅಂಕಿಗಳನ್ನು ಎರಡು ಸಲ ಓದಿ ತಾಳೆ ನೋಡಿ.