ಹೊಸ ಉಸ್ತಾದರ ಮೊದಲ ಜುಮಾ

ನಮ್ಮ ಕಾಸರಗೋಡಿನ ಉಪ್ಪಳದ ಮಸೀದಿಗೆ ಹೊಸ ಖತೀಬರು, ಅಂದರೆ ಶುಕ್ರವಾರದ ಜುಮಾ ನಮಾಜಿನಲ್ಲಿ ಪ್ರವಚನ ಕೊಡುವ ಉಸ್ತಾದರು, ಬಂದಿದ್ದಾರೆ. ಇವತ್ತು ಅವರ ಮೊದಲ ಜುಮಾ. ಖುತುಬಾಕ್ಕೆ, ಅಂದರೆ ಆ ಪ್ರವಚನಕ್ಕೆ, ಮುಂಚೆ ಮಸೀದಿಯ ಕೆಲಸ ನೋಡಿಕೊಳ್ಳುವ ಮುಕ್ರಿ, ಖತೀಬರು ಆಗ ಕೈಯಲ್ಲಿ ಹಿಡಿಯುವ ಆ ಹಳೇ ಕೋಲನ್ನು ಅವರ ಕೈಗಿತ್ತರು. ಹಿಡಿಯುವ ಜಾಗದಲ್ಲಿ ಅದರ ಬಣ್ಣ ಪೂರ್ತಿ ಮಾಸಿದೆ. ಹಿಂದಿನ ಉಸ್ತಾದರು 11 ವರ್ಷ ಹಿಡಿದ ಗುರುತು ಅದು. ನನ್ನ ನಿಕಾಹ್‌ಗೂ ಅವರೇ, ಉಮ್ಮ ತೀರಿಕೊಂಡಾಗ ಮಯ್ಯತ್ ನಮಾಜಿಗೂ ಅವರೇ. ಕಣ್ಣು ಆ ಕೋಲಿನಿಂದ ಕೀಳಲಾಗಲಿಲ್ಲ.

ಹೊಸಬರು ತೆಂಕಣ ಕೇರಳದವರು. ಬ್ಯಾರಿ, ತುಳು, ಕನ್ನಡ ಎಲ್ಲ ಬೆರೆತ ನಮ್ಮ ಮಾತು ಅವರಿಗೆ ಹೊಸತು. ಆದರೂ ಹೊರಗೆ ಬರುವಾಗ ನನ್ನ ಮಗನ ತಲೆ ಸವರಿ, "ಹೆಸರೇನು ಮೋನೇ?" ಎಂದು ಕೇಳಿದರು. ಎರಡೇ ದಿನದಲ್ಲಿ ಯಾರ ಹತ್ತಿರವೋ ಕೇಳಿ ಕಲಿತಿರಬೇಕು. ಮನಸ್ಸು ತುಂಬಿ ಬಂತು. ಅವನು ನಾಚಿ ನನ್ನ ಮುಂಡಿನ ಹಿಂದೆ ಅಡಗಿದ. ನಾಳೆಯಿಂದ ಮದ್ರಸದಲ್ಲಿ ಅವನಿಗೂ ಇವರೇ ಉಸ್ತಾದ್.

ಉಸ್ತಾದರ ಊಟ ನಾಳೆ ನಮ್ಮ ಮನೆಯ ಸರದಿ. ಕೋರಿರೊಟ್ಟಿ ಹಿಡಿಸೀತೋ ಇಲ್ಲವೋ ಎಂದು ಇವಳು ಆಗಲೇ ಯೋಚನೆಗೆ ಬಿದ್ದಿದ್ದಾಳೆ.