ಪದಗಳೊಳಗಿನ ಕೈ

ನನ್ನಲ್ಲಿದ್ದ ಇಂಗ್ಲಿಷಿನ ಭಯ ಬಿಡಿಸಿದ ನಮ್ಮ ಸರ್ ಬಗ್ಗೆ ಬರೆಯದೆ ಈ ಕಾಲೇಜಿನ ನೆನಪು ಪೂರ್ತಿಯಾಗುವುದಿಲ್ಲ. ಪಿಯುಸಿಗೆ ಸೇರಿದಾಗ ನಮ್ಮ ಕ್ಲಾಸಿನಲ್ಲಿ ಕನ್ನಡ ಮೀಡಿಯಂನವರೇ ಜಾಸ್ತಿ. ಬಂಟ್ವಾಳ, ಮೂಡುಬಿದಿರೆ, ಮುಲ್ಕಿ ಕಡೆಯಿಂದ ಬಸ್ಸು ಹಿಡಿದು ಮಂಗಳೂರಿಗೆ ಬರುತ್ತಿದ್ದೆವು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ. ಉದ್ದದ ಇಂಗ್ಲಿಷ್ ಪದ ಕಂಡರೆ ಬಾಯಿ ಕಟ್ಟುತ್ತಿತ್ತು. ಸರ್ ನಮ್ಮಿಂದ ಪದಗಳ ಪಟ್ಟಿ ಬಾಯಿಪಾಠ ಮಾಡಿಸಲಿಲ್ಲ. ಬೋರ್ಡಿನ ಮೇಲೆ ‘ಮಾನುಸ್’ ಎಂದು ಬರೆದರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಕೈ.

ಒಂದು ದಿನ ಹಳೆಯ ಹೆಂಚೊಂದನ್ನು ಕ್ಲಾಸಿಗೆ ತಂದರು. ಒಂದು ಮೂಲೆ ಮುಕ್ಕಾಗಿತ್ತು, ಮೇಲೆಲ್ಲ ಪಾಚಿ ಕಪ್ಪುಗಟ್ಟಿತ್ತು. ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865’ ಎಂಬ ಉಬ್ಬಕ್ಷರಗಳನ್ನು ಬೆರಳಲ್ಲಿ ಮುಟ್ಟಿ ನೋಡಲೆಂದು ಬೆಂಚಿನಿಂದ ಬೆಂಚಿಗೆ ದಾಟಿಸಿದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ನಮ್ಮೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದನ್ನು ಕೇಳಿದ್ದೆವು. ಮ್ಯಾನುಫ್ಯಾಕ್ಚರ್ ಎಂದರೆ ಮೂಲದಲ್ಲಿ ಕೈಯಿಂದ ಮಾಡುವುದು ಅಂತ ಗೊತ್ತಾಗಿದ್ದು ಅವತ್ತು. ಯಂತ್ರ ಬಂದ ಮೇಲೂ ಪದದೊಳಗೆ ಕೈ ಹಾಗೇ ಉಳಿದಿದೆ. ‘ನಮ್ಮ ಕೈಗಾರಿಕೆಯಲ್ಲೂ ಕೈ ಇದೆ ಅಲ್ವಾ?’ ಎಂದರು ಸರ್.

ಅಲ್ಲಿಂದ ನಮಗೆ ದಾರಿ ಸಿಕ್ಕಿತು. ಮ್ಯಾನ್ಯುಯಲ್ ಅಂದರೆ ಕೈಪಿಡಿ. ಮ್ಯಾನುಸ್ಕ್ರಿಪ್ಟ್ ಅಂದರೆ ಹಸ್ತಪ್ರತಿ. ಮೇಂಟೇನ್ ಅಂದರೆ ಕೈಯಲ್ಲಿ ಹಿಡಿದುಕೊಳ್ಳುವುದು. ಪರಕೀಯ ಅಂದುಕೊಂಡಿದ್ದ ಪದಗಳು ಕನ್ನಡದ ಜಾಡಿನಲ್ಲೇ ನಡೆಯುತ್ತಿದ್ದವು!

ನನಗೆ ತುಂಬಾ ಹಿಡಿಸಿದ್ದು ಮ್ಯಾನ್ಯೂರ್. ಕೈಯಿಂದ ದುಡಿಯುವುದು ಎಂಬ ಲ್ಯಾಟಿನ್ ಮಾತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಹೊಲ ಉಳುವುದು, ಬೇಸಾಯ ಮಾಡುವುದು ಎಂಬ ಅರ್ಥವಿತ್ತು. ಬರಬರುತ್ತಾ ಹೊಲಕ್ಕೆ ಹಾಕುವ ಗೊಬ್ಬರಕ್ಕೇ ಆ ಹೆಸರು ಅಂಟಿಕೊಂಡಿತು. ಸೈನ್ಯದವರು ಪಡೆಗಳ ಚಲನೆಗೆ ಹೇಳುವ ಮನೂವರ್ ಕೂಡ ಇದೇ ಬಳ್ಳಿಯದು. ರಜೆಯಲ್ಲಿ ಹಟ್ಟಿಗೊಬ್ಬರ ಹೊತ್ತು ಗದ್ದೆಗೆ ಹಾಕುತ್ತಿದ್ದ ನಮ್ಮಂಥವರಿಗೆ ಆ ಪದ ಮರೆಯುವುದುಂಟೇ?

ಇಮ್ಯಾನ್ಸಿಪೇಷನ್ ಹೇಳಿಕೊಟ್ಟ ದಿನ ಕ್ಲಾಸು ಪೂರ್ತಿ ಸುಮ್ಮನಿತ್ತು. ಹಳೆಯ ರೋಮಿನಲ್ಲಿ ಗುಲಾಮರನ್ನು ಕೊಳ್ಳುವವನು ಸಾಕ್ಷಿಗಳ ಎದುರು ಅವರನ್ನು ಕೈಯಲ್ಲಿ ಹಿಡಿದು ‘ಇದು ನನ್ನದು’ ಎನ್ನುತ್ತಿದ್ದ. ಆ ಹಿಡಿತದಿಂದ ಹೊರಗೆ ಬಿಡುವುದು ಎಂಬ ಅರ್ಥ ಈ ಪದದೊಳಗಿದೆ. ರೋಮಿನ ಕಾನೂನಿನಲ್ಲಿ ತಂದೆಯ ಅಧಿಕಾರದಿಂದ ಮಗನನ್ನು ಬಿಡಿಸುವುದಕ್ಕೆ ಹೀಗೆನ್ನುತ್ತಿದ್ದರಂತೆ. 1863ರ ಲಿಂಕನ್ ಘೋಷಣೆಯ ಹೆಸರಿನಲ್ಲಿ ಅದು ಗುಲಾಮರ ಬಿಡುಗಡೆಯ ಪದವಾಗಿ ನಿಂತಿತು. ಇತಿಹಾಸದ ಪಾಠದಲ್ಲಿ ಮೊದಲೇ ಓದಿದ್ದ ಪದವದು. ಅದರೊಳಗೆ ಮನುಷ್ಯನನ್ನು ಹಿಡಿದ ಕೈ ಕಂಡ ಮೇಲೆ ಅದನ್ನು ಓದುವ ರೀತಿಯೇ ಬದಲಾಯಿತು.

ಸಿಕ್ಕಿದಲ್ಲೆಲ್ಲ ಕೈ ಹುಡುಕಲು ಹೊರಟ ನಮ್ಮನ್ನು ಸರ್ ತಡೆದದ್ದೂ ಇದೆ. ಗೆಳೆಯನೊಬ್ಬ ಮ್ಯಾಂಗೋ ಎಂದ. ಅದು ಲ್ಯಾಟಿನ್ನಿಂದ ಬಂದದ್ದಲ್ಲ. ನಮ್ಮ ಪಕ್ಕದ ಮಲಯಾಳದ ಮಾಙ್ಙ ಪೋರ್ಚುಗೀಸರ ಬಾಯಲ್ಲಿ ಮಾಂಗ ಆಗಿ ಇಂಗ್ಲಿಷಿಗೆ ಹೋಯಿತು. ಮ್ಯಾಂಡರಿನ್ ಇನ್ನೂ ಸೊಗಸು. ಚೀನಾದ ಅಧಿಕಾರಿಗಳಿಗೆ ಪೋರ್ಚುಗೀಸರು ಇಟ್ಟ ಹೆಸರು ಅದು, ಬೇರು ನಮ್ಮ ‘ಮಂತ್ರಿ’. ಹೋಲಿಕೆ ಕಂಡ ಕೂಡಲೇ ನಂಬಬೇಡಿ, ನಿಘಂಟು ತೆಗೆದು ನೋಡಿ ಎನ್ನುತ್ತಿದ್ದರು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದ ಊರಿನವರು ನೀವು ಎಂದು ಸೇರಿಸುತ್ತಿದ್ದರು.

ನಾನೀಗ ಬ್ಯಾಂಕಿನಲ್ಲಿದ್ದೇನೆ. ನಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ್ದು ಈ ಕರಾವಳಿಯಲ್ಲೇ ತಾನೆ. ಮ್ಯಾನೇಜರ್ ಎಂಬ ಪದದಲ್ಲೂ ಕೈ ಇದೆ. ಇಟಲಿಯವರು ಕುದುರೆ ಪಳಗಿಸುವುದಕ್ಕೆ ಹೇಳುತ್ತಿದ್ದ ಮಾತಿನಿಂದ ಬಂದದ್ದು ಅದು. ಹೊಸದಾಗಿ ಸೇರಿದವರು ಆಫೀಸಿನ ಇಂಗ್ಲಿಷಿಗೆ ಹೆದರಿದಾಗ ಸರ್ ಹೇಳಿಕೊಟ್ಟಂತೆ ಪದ ಬಿಡಿಸಿ ತೋರಿಸುತ್ತೇನೆ.

ಸೆಕೆಂಡ್ ಪಿಯುಸಿಯಲ್ಲಿ ಸರ್ ಕೈ ಬಿಟ್ಟು ಕಾಲು ಹಿಡಿದರು. ಪೆಡಲ್, ಪೆಡೆಸ್ಟ್ರಿಯನ್, ಆಮೇಲೆ ಎಕ್ಸ್‌ಪಿಡೈಟ್. ಕಾಲಿನ ತೊಡಕು ಬಿಡಿಸುವುದು ಎಂಬುದು ಅದರ ಮೂಲ ಅರ್ಥ, ಈಗ ಬೇಗ ಮುಗಿಸುವುದು ಎಂದು. ತಡವಾದ ಸಾಲದ ಫೈಲುಗಳ ಮೇಲೆ ನಾನೇ ಅದನ್ನು ಬರೆಯುತ್ತೇನೆ. ಕೃಷಿ ಸಾಲದ ಫೈಲಾದರೆ ಇನ್ನಷ್ಟು ದೊಡ್ಡಕ್ಷರದಲ್ಲಿ.