ಹೆಸರು ತಂದ ಹಾಡಿಗಿಂತ ಹಿಂದೆ

ಯಾವುದಾದರೂ ಆಲ್ಬಮ್ ಮನಸ್ಸನ್ನು ಹಿಡಿದರೆ, ಆ ಕಲಾವಿದರ ಅದಕ್ಕೂ ಹಿಂದಿನ ಧ್ವನಿಮುದ್ರಣಗಳನ್ನು ಹುಡುಕಿ ಕೇಳುವುದು ನನ್ನ ಬಹುಕಾಲದ ಅಭ್ಯಾಸ. ಹೆಸರು ತಂದುಕೊಟ್ಟ ಹಾಡು ಒಂದು ದಿನ ತಾನಾಗಿಯೇ ಹೊಳೆಯಿತೆಂಬ ಕಥೆಗಳು ಕೇಳಲು ಸೊಗಸಾಗಿರುತ್ತವೆ. ಹಳೆಯ ಮುದ್ರಣಗಳನ್ನು ಕ್ರಮವಾಗಿ ಕೇಳುತ್ತ ಬಂದ ನನಗೆ ತೋರಿದ್ದು ಇಷ್ಟು: ಅಂಥ ಹಾಡು ಹೆಚ್ಚಾಗಿ ದಕ್ಕುವುದು ಜನರ ಮುಂದೆ ವರ್ಷಗಟ್ಟಲೆ ಪಳಗಿದವರಿಗೆ, ಅದೂ ಪಕ್ಕದಲ್ಲಿ ಇನ್ನೊಬ್ಬರ ನುರಿತ ಕಿವಿ ಇದ್ದಾಗ.

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅವರ ಎಂಟನೆಯ ಸ್ಟುಡಿಯೊ ಆಲ್ಬಮ್. ಅದು ಬಿಡುಗಡೆಯಾದದ್ದು 1973ರ ಮಾರ್ಚ್‌ನಲ್ಲಾದರೂ, 1972ರ ಜನವರಿಯಿಂದಲೇ ತಂಡವು ಅದನ್ನು ವೇದಿಕೆಯ ಮೇಲೆ ನುಡಿಸುತ್ತಿತ್ತು. ಬ್ರೈಟನ್‌ನಲ್ಲಿ ನಡೆದ ಮೊದಲ ಪ್ರಯೋಗ ತಾಂತ್ರಿಕ ತೊಂದರೆಯಿಂದ ನಡುವಿನಲ್ಲೇ ನಿಂತಿತು. ಆ ವರ್ಷದ ಕಛೇರಿಗಳ ಮುದ್ರಣಗಳನ್ನು ಕೇಳಿದರೆ, ಇಂದು ನಮಗೆ ಬಾಯಿಪಾಠವಾಗಿರುವ ಕೆಲವು ಭಾಗಗಳು ಅಲ್ಲಿ ಇಲ್ಲವೇ ಇಲ್ಲ. ಆಲ್ಬಮಿನಲ್ಲಿ ಈಗ ‘ಆನ್ ದ ರನ್’ ಇರುವ ಜಾಗದಲ್ಲಿ ಆಗ ಗಿಟಾರ್ ಮತ್ತು ಕೀಬೋರ್ಡ್‌ಗಳ ಮನೋಧರ್ಮದ ನುಡಿಸಾಣಿಕೆಯಿತ್ತು. ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಆ ಓಟ ಬಂದದ್ದು ಸ್ಟುಡಿಯೊದಲ್ಲಿ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಮೊದಲಿಗೆ ಆರ್ಗನ್ ವಾದನ ಮತ್ತು ಬೈಬಲಿನ ವಾಚನವಾಗಿತ್ತು. 1973ರ ಜನವರಿಯಲ್ಲಿ, ಆಲ್ಬಮ್ ಬಹುತೇಕ ಮುಗಿಯುತ್ತ ಬಂದಾಗ, ಕ್ಲೇರ್ ಟೋರಿ ಎಂಬ ಗಾಯಕಿ ಬಂದು ಮಾತಿಲ್ಲದ ಆಲಾಪವೊಂದನ್ನು ಹಾಡಿ ಹೋದರು. ಒಂದು ವರ್ಷ ವೇದಿಕೆಯಲ್ಲಿ ಸಲ್ಲುತ್ತಿದ್ದುದನ್ನೇ ತೆಗೆದುಹಾಕಲು ಬೇಕಾದ ಧೈರ್ಯ ನನಗೆ ಆ ಆಲ್ಬಮಿನ ಯಾವ ಸ್ವರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಬ್ರಿಟನ್ನಿನದೇ ಆದ ಬೀಟಲ್ಸ್ ತಂಡದ ಕಥೆ ಎಲ್ಲರಿಗೂ ಗೊತ್ತು. ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಹಾಡಿ ಪಳಗಿದ್ದರಿಂದಲೇ 1963ರ ಫೆಬ್ರುವರಿ 11ರ ಒಂದೇ ದಿನದಲ್ಲಿ ಅವರು ಮೊದಲ ಆಲ್ಬಮಿನ ಹತ್ತು ಹಾಡುಗಳನ್ನು ಮುದ್ರಿಸಬಲ್ಲವರಾದರು. ಅದಕ್ಕೂ ಮುಂಚೆ, ವಿಳಂಬ ಗತಿಯಲ್ಲಿದ್ದ ‘ಪ್ಲೀಸ್ ಪ್ಲೀಸ್ ಮಿ’ ಹಾಡನ್ನು ಕೇಳಿದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದರ ವೇಗ ಹೆಚ್ಚಿಸುವಂತೆ ಸೂಚಿಸಿದ್ದರು. ತಂಡದವರು ಆ ಸೂಚನೆಯನ್ನು ಒಪ್ಪಿಕೊಂಡದ್ದು ಮುಖ್ಯ.

ಅಮೆರಿಕದ ಗಾಯಕ ಬಿಲ್ ವಿದರ್ಸ್ ಅವರ ‘ಏಂಟ್ ನೋ ಸನ್‌ಶೈನ್’ ವಿಷಯದಲ್ಲಿ ಇನ್ನೊಬ್ಬರ ಕಿವಿಯ ಬೆಲೆ ಇನ್ನೂ ಸ್ಪಷ್ಟ. 1971ರಲ್ಲಿ ಆ ಹಾಡು ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಒಂಬತ್ತು ವರ್ಷ ನೌಕಾಪಡೆಯಲ್ಲಿದ್ದು ಬಂದವರು, ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮೂರನೆಯ ಚರಣಕ್ಕೆ ಸಾಹಿತ್ಯ ಸಿದ್ಧವಿರಲಿಲ್ಲವಾದ್ದರಿಂದ, ಜಾಗ ತುಂಬಲು ‘ಐ ನೋ’ ಎಂಬ ಎರಡೇ ಪದಗಳನ್ನು ಇಪ್ಪತ್ತಾರು ಸಲ ಹಾಡಿದರು. ಆಮೇಲೆ ಸಾಲುಗಳನ್ನು ಬರೆಯಬೇಕೆಂದಿದ್ದ ಅವರಿಗೆ, ನಿರ್ಮಾಪಕ ಬೂಕರ್ ಟಿ. ಜೋನ್ಸ್ ಮತ್ತು ಅಲ್ಲಿದ್ದ ವಾದಕರು ಅದನ್ನು ಹಾಗೆಯೇ ಬಿಡಲು ಹೇಳಿದರು. ಆ ಅನುಭವಿಗಳ ಮಾತನ್ನು ಅವರು ಕೇಳಿದರು. ಎಷ್ಟು ಸಲ ಕೇಳಿದರೂ ಆ ಪದಗಳು ಒಂದರ ಮೇಲೊಂದು ಬೀಳುವಾಗ ನನ್ನ ಉಸಿರು ಬಿಗಿಯುತ್ತದೆ. ಬರೆದ ಚರಣ ಯಾವುದೂ ಅಷ್ಟು ನೋವನ್ನು ಹೊರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಅದೃಷ್ಟದ ಪಾಲೇನೂ ಇಲ್ಲವೆಂದು ನಾನು ವಾದಿಸುವುದಿಲ್ಲ. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ, ನೆಲ್ಸನ್ ಮಂಡೇಲಾ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಕಛೇರಿಯಲ್ಲಿ, ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್ ತಮ್ಮ ಪಾಲಿನ ಹಾಡುಗಳನ್ನು ಆಗಲೇ ಮುಗಿಸಿದ್ದರು. ಹೆಸರಾಂತ ಗಾಯಕ ಸ್ಟೀವಿ ವಂಡರ್ ಅವರ ವಿದ್ಯುನ್ಮಾನ ವಾದ್ಯಕ್ಕೆ ಬೇಕಾದ ಹಾರ್ಡ್ ಡಿಸ್ಕ್ ಕಾಣೆಯಾಗಿ ಅವರು ಹಾಡಲಾಗದೆ ಹೋದಾಗ, ಖಾಲಿಯಾದ ಹೊತ್ತಿಗೆ ಚಾಪ್‌ಮನ್ ಅವರನ್ನು ಮತ್ತೆ ಕರೆದರು. ಬೀದಿಬದಿಯಲ್ಲಿ, ಕಾಫಿಮನೆಗಳಲ್ಲಿ ಒಬ್ಬರೇ ಹಾಡಿ ರೂಢಿಯಿದ್ದವರಿಗೆ ಹಿನ್ನೆಲೆಯ ತಂಡವಾಗಲಿ ಪೂರ್ವತಯಾರಿಯಾಗಲಿ ಬೇಕಿರಲಿಲ್ಲ. ಒಂದು ಗಿಟಾರ್ ಹಿಡಿದು ಬಂದು ‘ಫಾಸ್ಟ್ ಕಾರ್’ ಹಾಡಿದರು. ಏಪ್ರಿಲ್‌ನಲ್ಲೇ ಬಂದಿದ್ದ ಅವರ ಮೊದಲ ಆಲ್ಬಮ್ ಆ ಬೇಸಿಗೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.